ಲಿವರಿನ ಸಡಿಲ

ಚಾಮುಂಡಿ ಬೆಟ್ಟವನ್ನು ಅರ್ಧ ಹತ್ತಿದ ಮೇಲೆ ನನ್ನ ಯೆಜ್ಡಿ ಎಳೆಯುವುದನ್ನು ನಿಲ್ಲಿಸಿತು. ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗದು. ಸುಟ್ಟ ವಾಸನೆ ಬೇರೆ. ಕ್ಲಚ್ ಪ್ಲೇಟ್ ಹೋಗಿದೆ ಎಂಬುದು ಅಲ್ಲೇ ಗೊತ್ತಾಯಿತು.

ನನ್ನದು 1984ರ ರೋಡ್‌ಕಿಂಗ್. ಇದೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1961ರಲ್ಲಿ ಗಾಡಿ ಮಾಡಲು ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದು, ಈಗ ಮನೆಯ ಮುಂದಿನ ಶೆಡ್ಡಿನಲ್ಲಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಗಾಡಿ ತಳ್ಳಿಕೊಂಡು ಹೋದೆ. ಮಾರನೆಯ ದಿನ ಕೆಲಸ ಶುರುವಾಯಿತು. ಹೊಸ ಕಾರ್ಕ್ ಪ್ಲೇಟುಗಳನ್ನು ಅವರು ಹಿಂದಿನ ರಾತ್ರಿಯೇ, ದೋಸೆಗೆ ಅಕ್ಕಿ ನೆನೆಹಾಕುವ ಹಾಗೆ, ಆಯಿಲ್‌ನಲ್ಲಿ ಮುಳುಗಿಸಿಟ್ಟಿದ್ದರು. ಒಣ ಕಾರ್ಕ್ ಹಾಕಿದರೆ ಬೇಗ ಸುಟ್ಟುಹೋಗುತ್ತದಂತೆ.

ಗೇರ್ ಆಯಿಲ್ ಇಳಿಸಿದರು. ಕಿಕ್ಕರಿಗೂ ಗೇರಿಗೂ ಒಂದೇ ಆಗಿರುವ ಎಡಗಡೆಯ ಲಿವರ್ ಕಳಚಿ, ಕವರ್ ಬಿಚ್ಚಿದರು. ಸ್ಪ್ರಿಂಗುಗಳು ಹೊರಬಂದವು. ಆಮೇಲೆ ಒಂದು ಕಾರ್ಕ್, ಒಂದು ಸ್ಟೀಲ್, ಮತ್ತೊಂದು ಕಾರ್ಕ್, ಮತ್ತೊಂದು ಸ್ಟೀಲ್. ತೆಗೆದ ಕ್ರಮದಲ್ಲೇ ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿದರು. ಕಾರ್ಕಿನ ಬಿಲ್ಲೆಗಳು ಸವೆದು ಕಪ್ಪಾಗಿದ್ದವು. ಸ್ಟೀಲ್ ಪ್ಲೇಟುಗಳ ಮೇಲೆ ನವಿಲುಗರಿಯಂಥ ನೀಲಿ ಬಣ್ಣ ಹರಡಿತ್ತು. ಅದು ಕಾವಿನ ಗುರುತು. ಒಂದೊಂದನ್ನೂ ಗಾಜಿನ ತುಂಡಿನ ಮೇಲಿಟ್ಟು ಸೊಟ್ಟಗಾಗಿದೆಯೇ ಎಂದು ನೋಡಿದರು.

“ಭಾರಕ್ಕೆ ಪ್ಲೇಟ್ ಹೋಗಲ್ಲ ಮೇಷ್ಟ್ರೇ. ಮೂಟೆ ಹೇರಿದ್ರೂ ತಡ್ಕೊಳುತ್ತೆ. ಸದಾ ಲಿವರ್ ಮೇಲೆ ಬೆರಳಿಟ್ಕೊಂಡೇ ಓಡಿಸ್ತೀರಲ್ಲ, ಆ ಹಾಫ್ ಕ್ಲಚ್ಚೇ ತಿಂದು ಹಾಕಿರೋದು” ಅಂದರು.

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನು ನಾನು. ಅನಾಸಕ್ತಿ ಎಂಬ ಪದವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬಿಡಿಸಿ ಬರೆದಿದ್ದೇನೋ ಲೆಕ್ಕವಿಲ್ಲ. ಅಂಟಿಕೊಳ್ಳದೆ ಕರ್ಮ ಮಾಡುವುದೆಂದರೆ ಸ್ವಲ್ಪ ದೂರ ನಿಂತು ಮಾಡುವುದು ಎಂದೇ ತಿಳಿದಿದ್ದೆ. ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ಹಾಗೇ ನಡೆದುಕೊಂಡೆ. ಹೊತ್ತುಹೊತ್ತಿಗೆ ಗಂಜಿ, ಮಾತ್ರೆ, ಮೈ ಒರೆಸುವುದು, ಯಾವುದೂ ತಪ್ಪಲಿಲ್ಲ. ಆದರೆ ಅವಳ ಪಕ್ಕದಲ್ಲಿ ಕೂತಾಗ ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇರುತ್ತಿತ್ತು. ಒಂದು ಸಂಜೆ ಅವಳು ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ, ತಾನು ಹುಡುಗಿಯಾಗಿದ್ದಾಗ ತೇರಿನ ಹಗ್ಗ ಹಿಡಿದ ಕಥೆ ಶುರುಮಾಡಿದಳು. ನಾನು ಹ್ಞೂಂಗುಟ್ಟುತ್ತ ಮಾರ್ಕ್ಸ್ ಕೂಡುತ್ತಿದ್ದೆ. ಅವಳು ನಡುವೆಯೇ ನಿಲ್ಲಿಸಿ, “ನೀನು ಕೆಲಸ ನೋಡ್ಕೊಳಪ್ಪ” ಅಂದಳು. ಆ ಕಥೆಯ ಉಳಿದರ್ಧ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ದಿನಗಳಲ್ಲಿ ನಾನು ವಿಪರೀತ ದಣಿದಿದ್ದೆ. ಸೇವೆಯ ಭಾರಕ್ಕೆ ದಣಿದಿದ್ದೇನೆ ಅಂದುಕೊಂಡಿದ್ದೆ. ಶೆಡ್ಡಿನಲ್ಲಿ ಆ ನೀಲಿಗಟ್ಟಿದ ಪ್ಲೇಟನ್ನು ಕೈಯಲ್ಲಿ ಹಿಡಿದಾಗ ಬೇರೆಯೇ ಹೊಳೆಯಿತು. ಅಮ್ಮನ ಪಕ್ಕದಲ್ಲಿ ನಾನು ಪೂರ್ತಿ ಇರಲೂ ಇಲ್ಲ, ಪೂರ್ತಿ ಎದ್ದುಹೋಗಲೂ ಇಲ್ಲ. ಸುಟ್ಟದ್ದು ಆ ಉಜ್ಜಾಟ.

ಗೀತೆಯ ಮೂರನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುವ ಒಂದು ಮಾತನ್ನು ನಾನು ಪಾಠ ಮಾಡಿಯೂ ಕೇಳಿಸಿಕೊಂಡಿರಲಿಲ್ಲ. ತಿಳಿಯದವರು ಅಂಟಿಕೊಂಡು ಹೇಗೆ ಕೆಲಸ ಮಾಡುತ್ತಾರೋ, ತಿಳಿದವನು ಅಂಟಿಕೊಳ್ಳದೆ ಹಾಗೆಯೇ ಮಾಡಬೇಕು ಎಂಬುದು ಅದರ ತಾತ್ಪರ್ಯ. ‘ಹಾಗೆಯೇ’ ಎಂಬಲ್ಲಿ ಎಲ್ಲವೂ ಇದೆ. ಹುರುಪು ಕಡಿಮೆ ಮಾಡು ಎಂದು ಅವನು ಎಲ್ಲೂ ಹೇಳಲಿಲ್ಲ. ಅರ್ಜುನನಿಗೆ ಬೇಡವೆಂದದ್ದು ಫಲದ ಹಂಬಲವನ್ನು. ಬಾಣ ಬಿಡುವಾಗ ಅರೆಮನಸ್ಸಿರಲಿ ಎಂದಲ್ಲ.

ಹಾಗಾದರೆ ವೈರಾಗ್ಯಕ್ಕೆ ಜಾಗ ಎಲ್ಲಿ? ಇದಕ್ಕೆ ಉತ್ತರ ಸಿಕ್ಕಿದ್ದು ಕೆಲಸದ ಕೊನೆಯಲ್ಲಿ. ಹೊಸ ಪ್ಲೇಟು ಕೂರಿಸಿ, ಕವರ್ ಮುಚ್ಚಿ, ಆಯಿಲ್ ತುಂಬಿ, ಅವರು ಕೇಬಲ್ ಅಡ್ಜಸ್ಟ್ ಮಾಡತೊಡಗಿದರು. ಹ್ಯಾಂಡಲಿನ ಲಿವರನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದರು. ಬಿಗಿ ಹತ್ತುವ ಮೊದಲು ಎರಡು ಮೂರು ಮಿಲಿಮೀಟರಿನಷ್ಟು ಆಟ.

“ಪೂರ್ತಿ ಟೈಟ್ ಮಾಡಿಬಿಡಿ, ಗಟ್ಟಿ ಹಿಡೀಲಿ” ಅಂದೆ.

“ಟೈಟ್ ಮಾಡಿದ್ರೆ ಹಿಡಿಯಲ್ಲ ಮೇಷ್ಟ್ರೇ, ಜಾರುತ್ತೆ. ಇಲ್ಲಿ ಲೂಸ್ ಇದ್ರೇನೇ ಒಳಗೆ ಗಟ್ಟಿ.”

ನಿಜ. ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಒಳಗಿನ ಸ್ಪ್ರಿಂಗು, ನಮ್ಮ ಕೈಯಲ್ಲ. ನಮ್ಮ ಕೈಗೆ ಬರುವುದು ಬಿಡಿಸುವುದಷ್ಟೇ. ಕೇಬಲ್ ಬಿಗಿಯಾಗಿದ್ದರೆ ಲಿವರ್ ಬಿಟ್ಟಾಗಲೂ ಸ್ಪ್ರಿಂಗಿಗೆ ಪೂರ್ತಿ ಒತ್ತಲು ಆಗದು, ಪ್ಲೇಟು ಜಾರುತ್ತದೆ. ವೈರಾಗ್ಯ ಇರಬೇಕಾದ್ದು ಈ ಸಡಿಲದಲ್ಲಿ. ಫಲಕ್ಕೂ ನನಗೂ ನಡುವೆ ಅಷ್ಟು ಆಟ ಇದ್ದರೆ ಕೆಲಸವನ್ನು ಪೂರ್ತಿ ಹಿಡಿಯಬಹುದು. ಅಮ್ಮ ಗುಣವಾಗುವುದಿಲ್ಲ ಎಂಬುದನ್ನು ಒಪ್ಪಿಕೊಂಡಿದ್ದರೆ, ಅವಳ ತೇರಿನ ಕಥೆ ಪೂರ್ತಿ ಕೇಳುತ್ತಿದ್ದೆ. ಒಪ್ಪಲಾರದೆ ಉತ್ತರಪತ್ರಿಕೆಗಳ ಹಿಂದೆ ಅಡಗಿ ಕೂತಿದ್ದೆ.

ಮರುದಿನ ಮತ್ತೆ ಬೆಟ್ಟ ಹತ್ತಿದೆ. ಮೊದಲ ತಿರುವಿನಲ್ಲೇ ಎಡಗೈ ಬೆರಳುಗಳು ತಮ್ಮಷ್ಟಕ್ಕೆ ಲಿವರಿನ ಮೇಲೆ ಬಂದು ಕೂತವು. ಎತ್ತಿ ಗ್ರಿಪ್ಪಿನ ಸುತ್ತ ಮಡಿಸಿದೆ. ಎರಡನೆಯ ತಿರುವಿನಲ್ಲಿ ಮತ್ತೆ ಬಂದವು, ಮತ್ತೆ ಎತ್ತಿದೆ. ಮೇಲೆ ತಲುಪುವವರೆಗೆ ಅದೇ ಅಭ್ಯಾಸ.