ಬದುಕಿ ಉಳಿದವನು ಹೆಚ್ಚು ನೀತಿವಂತನೋ?



ಊರಿಗೆ ದೊಡ್ಡ ಬೇನೆ ಬಂದು ಹೋದ ಮೇಲೆ ನಮ್ಮ ಹುನಗುಂದ ಸೀಮೆಯ ಕಟ್ಟೆಗಳ ಮೇಲೆ ಒಂದು ವಿಧವಾದ ಮಾತು ಕೇಳಬರುವದುಂಟು. ಉಳಿದವನನ್ನು ನೋಡಿ, “ಅವನ ಪುಣ್ಯ ಗಟ್ಟಿ” ಅನ್ನುತ್ತಾರೆ. ಸತ್ತವನ ವಿಷಯದಲ್ಲಿ, “ಮಾಡಿದ್ದುಣ್ಣೋ ಮಹಾರಾಯ” ಅನ್ನುತ್ತಾರೆ. 1918ರ ಇನ್‌ಫ್ಲುಯೆಂಜಾ ಜ್ವರದಿಂದ ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಹೆಚ್ಚು ಜನರು ಸತ್ತರು. 2020ರಲ್ಲಿ ಕೊರೋನಾ ಬಂದಾಗಲೂ ಎಷ್ಟೋ ಮನೆಗಳಲ್ಲಿ ದೀಪ ಆರಿತು. ಹಾಗಾದರೆ ಉಳಿದವರೆಲ್ಲರು ಒಳ್ಳೆಯವರು, ಸತ್ತವರೆಲ್ಲರು ಕೆಟ್ಟವರು ಎಂದು ಎಣಿಸಬಹುದೋ? ಪಾಪಪುಣ್ಯಗಳನ್ನು ಅರಿಯದ ಹಾಡುಹಕ್ಕಿಗಳ ಸಂಗತಿಯನ್ನು ವಿಚಾರಿಸಿದರೆ ಈ ಪ್ರಶ್ನೆಗೆ ಬೆಳಕು ದೊರಕೀತು.

ಹಕ್ಕಿಗಳಿಗೂ ಮಲೇರಿಯಾ ಉಂಟು. ಆದರೆ ಅದು ಮನುಷ್ಯರ ಮಲೇರಿಯಾ ಅಲ್ಲ, ಅದರ ಜಾತಿಯದೇ ಬೇರೊಂದು ಬಗೆ. ಒಂದು ಕಾಲದಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್ ಎಂಬವನು 1898ರಲ್ಲಿ ಕಲ್ಕತ್ತೆಯಲ್ಲಿ ಗುಬ್ಬಿ ಮೊದಲಾದ ಹಕ್ಕಿಗಳನ್ನು ಪರೀಕ್ಷಿಸಿ, ಸೊಳ್ಳೆಯೇ ಈ ರೋಗವನ್ನು ಹಕ್ಕಿಯಿಂದ ಹಕ್ಕಿಗೆ ಒಯ್ಯುತ್ತದೆಂದು ತೋರಿಸಿದನು. ಸಹ್ಯಾದ್ರಿಯ ಎತ್ತರದ ಶೋಲಾ ಕಾಡುಗಳಲ್ಲಿ ವಾಸಿಸುವ ಹಕ್ಕಿಗಳ ರಕ್ತದಲ್ಲಿಯೂ ಇಂಥ ರೋಗಾಣುಗಳನ್ನು ವಿದ್ವಾಂಸರು ನಮ್ಮ ಕಾಲದಲ್ಲಿ ಕಂಡಿದ್ದಾರೆ.

ಈ ರೋಗವು ಹೊಸದಾಗಿ ಹೊಕ್ಕ ನಾಡಿನ ಗತಿ ಏನಾಯಿತೆಂಬದಕ್ಕೆ ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳೇ ಸಾಕ್ಷಿ. ಪೂರ್ವದಲ್ಲಿ ಅಲ್ಲಿ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಒಂದು ಹಡಗಿನ ನೀರಿನ ಪೀಪಾಯಿಗಳೊಡನೆ ಅದು ಬಂದಿತೆಂದು ಹೇಳುತ್ತಾರೆ. ಆಮೇಲೆ ಪರದೇಶದ ಹಕ್ಕಿಗಳೊಡನೆ ಮಲೇರಿಯಾ ಬಂತು. ಕಾಡಿನ ನಾಶ, ಇಲಿಗಳ ಕಾಟ ಇವುಗಳೊಡನೆ ಈ ರೋಗವೂ ಸೇರಿ ಆ ದ್ವೀಪಗಳ ಅನೇಕ ಹಾಡುಹಕ್ಕಿಗಳ ಸಂತಾನವೇ ಅಳಿದುಹೋಯಿತು. ಕೆಂಪು ಗರಿಯ ಈಈವಿ ಎಂಬ ಹಕ್ಕಿಯನ್ನು ಸೋಂಕಿದ ಸೊಳ್ಳೆ ಕಚ್ಚಿದರೆ 100ರಲ್ಲಿ ಸುಮಾರು 90 ಸಾಯುತ್ತವೆ. ಆದರೆ ಹಳದಿ ಹಸುರು ಬಣ್ಣದ ಅಮಾಕಿಹಿ ಎಂಬ ಹಕ್ಕಿ, ಬಹುಕಾಲ ಬರಿದಾಗಿದ್ದ ಕೆಳನಾಡಿನ ಕಾಡುಗಳಲ್ಲಿ ಮತ್ತೆ ಹೆಚ್ಚಿತು. ಅದರ ರಕ್ತದಲ್ಲಿ ರೋಗಾಣು ಇದ್ದರೂ ಅದು ತಾಳಿಕೊಂಡು ಬದುಕುತ್ತದೆ.

ಇದು ಹೇಗಾಯಿತೆಂದರೆ: ಜೋಳಕ್ಕೆ ಕಾಡಿಗೆ ರೋಗ ತಗಲಿದಾಗ ಒಕ್ಕಲಿಗನು ರೋಗವಿಲ್ಲದ ತೆನೆಗಳನ್ನು ಆರಿಸಿ ಬೀಜಕ್ಕೆ ಇಡುತ್ತಾನಷ್ಟೆ. ಕಾಡಿನಲ್ಲಿ ಆರಿಸುವ ಕೈ ಇಲ್ಲ. ಸಾವೇ ಮೊರದಂತೆ ಕೇರುತ್ತದೆ. ಒಂದೇ ಜಾತಿಯ ಹಕ್ಕಿಗಳಲ್ಲಿ ಕೆಲವು, ರೋಗ ಬರುವ ಮೊದಲೇ, ತಮಗರಿಯದ ಒಂದು ಗುಣವನ್ನು ತಾಯಿತಂದೆಗಳಿಂದ ಪಡೆದಿರುತ್ತವೆ. ಆ ಗುಣವಿದ್ದವು ಉಳಿದು ಮರಿಮಾಡುತ್ತವೆ, ಮರಿಗಳಿಗೂ ಅದು ಬರುತ್ತದೆ. ಹೀಗೆ ತಲೆಯಿಂದ ತಲೆಗೆ ಆ ಜಾತಿಯೇ ಬದಲಾಗುತ್ತದೆ. ಯಾವ ಹಕ್ಕಿಯೂ ಪ್ರಯತ್ನಪಟ್ಟು ಅದನ್ನು ಸಂಪಾದಿಸಲಿಲ್ಲ.

ಇನ್ನೊಂದು ದೃಷ್ಟಾಂತವು ಅಮೇರಿಕಾ ದೇಶದ್ದು. ಕೋಳಿಗಳಿಗೆ ಕೆಮ್ಮು, ಉಬ್ಬಸ ತರುವ ಒಂದು ರೋಗಾಣು 1994ರಲ್ಲಿ ಹೌಸ್ ಫಿಂಚ್ ಎಂಬ ಹಾಡುಹಕ್ಕಿಯಲ್ಲಿ ಕಾಣಿಸಿಕೊಂಡಿತು. ಕಣ್ಣು ಬಾತು ಕುರುಡಾದ ಹಕ್ಕಿಗಳು ಕಾಳು ಕಾಣದೆ ಲಕ್ಷಗಟ್ಟಲೆ ಸತ್ತವು. ಸುಮಾರು 12 ವರ್ಷ ಈ ರೋಗದೊಡನೆ ಬಾಳಿದ ಅಲಬಾಮಾ ಪ್ರಾಂತದ ಹಕ್ಕಿಗಳನ್ನೂ ರೋಗವನ್ನೇ ಕಾಣದ ಅರಿಜೋನಾ ಪ್ರಾಂತದ ಹಕ್ಕಿಗಳನ್ನೂ ವಿದ್ವಾಂಸರು ಪರೀಕ್ಷಿಸಿದಾಗ, ಮೊದಲಿನವು ಅದನ್ನು ಹೆಚ್ಚಾಗಿ ಎದುರಿಸಿ ನಿಂತವೆಂದು ತಿಳಿದುಬಂತು. 2011ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಕ್ಕಿ ಬಲಗೊಂಡ ಹಾಗೆ ರೋಗಾಣುವೂ ಇನ್ನಷ್ಟು ಉಗ್ರವಾಯಿತು. ಹೀಗೆ ಬಂದ ಜಯಕ್ಕೆ ಕೊನೆಯಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಸತ್ತ ಈಈವಿ ಮಾಡಿದ ಅಪರಾಧವೇನು? ಉಳಿದ ಅಮಾಕಿಹಿಯ ಪುಣ್ಯವೇನು? ಏನೂ ಇಲ್ಲ. ಮನುಷ್ಯನ ದೇಹವೂ ಇದೇ ಮಣ್ಣಿನದು. ಜ್ವರವು ನಮ್ಮ ನಡತೆಯನ್ನು ತೂಗಿ ನೋಡಿ ಬರುವದಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದರಷ್ಟೆ. ಅವರಿಗೆ ದೊರೆತ ಉತ್ತರವನ್ನು ನೀವು ಬಲ್ಲಿರಿ. ಆದಕಾರಣ ಉಳಿದವನಿಗೆ ಹೆಮ್ಮೆಪಡುವದಕ್ಕೆ ಆಸ್ಪದವಿಲ್ಲ. ತಾನು ಗಳಿಸದಿದ್ದದ್ದನ್ನು ಪಡೆದವನು ಸಾಲಗಾರನೇ ಹೊರತು ಧಣಿಯಲ್ಲ.

ಇದನ್ನು ಕೇಳಿ ಒಬ್ಬನು, “ಹಾಗಾದರೆ ಬಲಹೀನರು ಸಾಯುವದೇ ಸೃಷ್ಟಿಯ ನಿಯಮ, ಸಾಯಲಿ ಬಿಡು” ಅಂದಾನು. ಇದು ಕಠಿಣವಾದ ಮಾತು ಮಾತ್ರವಲ್ಲ, ತಪ್ಪಾದ ತರ್ಕವೂ ಹೌದು. ಕಾಡಿನಲ್ಲಿ ನಡೆಯುವದೆಲ್ಲಾ ಮನೆಯಲ್ಲಿ ನಡೆಯತಕ್ಕದ್ದೆಂದು ಯಾರು ಹೇಳಿದರು? ಹಕ್ಕಿಗೆ ಬೇರೆ ದಾರಿಯಿಲ್ಲ, ಮನುಷ್ಯನಿಗೆ ಉಂಟು. ಸಿಡುಬನ್ನು ನೋಡಿರಿ. ಅದನ್ನು ತಾಳುವ ಜನ ಹುಟ್ಟಲೆಂದು ನಾವು ನೂರು ತಲೆಮಾರು ಕಾಯಲಿಲ್ಲ. ಹಾಕಿಸಿಕೊಂಡ ದೇವಿಯು ಬಲವುಳ್ಳವನ ತೋಳಿಗೂ ಕೃಶವಾದ ಕೂಸಿನ ತೋಳಿಗೂ ಒಂದೇ ಆಗಿತ್ತು. 1975ರಲ್ಲಿ ಅದು ನಮ್ಮ ದೇಶವನ್ನು ಬಿಟ್ಟಿತು. 1980ರಲ್ಲಿ ಲೋಕದಿಂದಲೇ ಅಳಿಯಿತೆಂದು ಸಾರಿದರು. ಮೊರದಲ್ಲಿ ಕೇರಿ ಬಿಸಾಡದೆ ಎಲ್ಲರನ್ನೂ ಒಂದೇ ಮಡಿಲಲ್ಲಿ ಕಟ್ಟಿಕೊಂಡು ಉಳಿಸುವ ದಾರಿ ಇದೇ.

ಆದುದರಿಂದ ನೆರೆಮನೆಯಲ್ಲಿ ಜ್ವರ ಬಂದಾಗ, “ಇವನು ಏನು ಮಾಡಿದ್ದನೋ” ಎಂದು ಕೇಳಬೇಡಿರಿ. ಗಂಜಿ ಕಾಸಿ ಒಯ್ಯಿರಿ, ರೋಗಿಯನ್ನು ದವಾಖಾನೆಗೆ ಮುಟ್ಟಿಸಿರಿ. ಹಿತ್ತಲಲ್ಲಿ ನಿಂತ ನೀರನ್ನು ಚೆಲ್ಲಿರಿ, ಹರವಿಗೆ ಮುಚ್ಚಳ ಹಾಕಿರಿ, ಕೂಸುಗಳಿಗೆ ಲಸಿಕೆ ಹಾಕಿಸಿರಿ. ಸತ್ತವರ ಹೆಸರನ್ನು ಕೆಡಿಸದೆ ಅವರ ಮಕ್ಕಳನ್ನು ಸಲಹಿರಿ. ಬದುಕಿ ಉಳಿದವನು ತನ್ನ ಸಾಲವನ್ನು ತೀರಿಸತಕ್ಕದ್ದು ಹೀಗೆಯೇ.