ತಾಮ್ರದ ಮಲ

ಜೀವನಿಗೆ ಅಂಟಿದ ಆಣವಮಲ ಎಂಥದ್ದು ಎಂದು ಶೈವಸಿದ್ಧಾಂತಿಗಳನ್ನು ಕೇಳಿದರೆ, ಭತ್ತಕ್ಕೆ ಹೊಟ್ಟು, ತಾಮ್ರಕ್ಕೆ ಕಿಲುಬು ಇದ್ದ ಹಾಗೆ ಎನ್ನುತ್ತಾರೆ. ಹೊರಗಿನಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಜೊತೆಗಿರುವುದು. ಶಿವಾಲಯದಲ್ಲಿ ಅರ್ಚಕರಾಗಿರುವ ನಮ್ಮ ಭಾವ ಇದನ್ನು ಹೇಳಿದಾಗಲೆಲ್ಲ ನನ್ನೊಳಗಿನ ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು ಎದ್ದು ಕೂರುತ್ತಾನೆ.

"ಭಾವ, ಶುದ್ಧ ತಾಮ್ರದಲ್ಲಿ ಕಿಲುಬೆಲ್ಲಿದೆ? ಗಾಳಿ, ನೀರು ತಾಗದಂತೆ ಇಟ್ಟರೆ ಬರುವುದೇ ಇಲ್ಲ."

"ಗಾಳಿ ನೀರು ತಾಗದ ಜೀವ ಎಲ್ಲಿದೆಯಪ್ಪ? ತೋರಿಸು."

ನನ್ನ ಡಬ್ಬಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಿವೆ, 'ಮಯಿಲಿ ಕಾಸು' ಎಂದು ಕನ್ನಡದಲ್ಲಿ ಅಚ್ಚಾದವು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಇಟ್ಟಿಗೆ ಕೆಂಪು ಆಮ್ಲಜನಕದ ಮೊದಲ ಕೆಲಸ. ಕಪ್ಪು, ಇನ್ನಷ್ಟು ಆಮ್ಲಜನಕದ್ದು ಅಥವಾ ಗಂಧಕದ್ದು. ಹಸಿರಿಗೆ ತೇವವೂ ಇಂಗಾಲದ ಡೈಆಕ್ಸೈಡೂ ಬೇಕು. ಆ ಹಸಿರಿನ ಹೆಸರು ಮ್ಯಾಲಕೈಟ್. ಅದು ನೆಲದಲ್ಲಿ ಸಿಗುವ ತಾಮ್ರದ ಅದಿರೂ ಹೌದು. ನನ್ನನ್ನು ಕಾಡುವುದು ಇದೇ. ಹಸಿರು ಕಲ್ಲಾಗಿ ಮಲಗಿದ್ದದ್ದನ್ನು ಬೆಂಕಿಗೆ ಹಾಕಿ, ಇದ್ದಿಲು ಕೊಟ್ಟು, ಬಲವಂತವಾಗಿ ಕೆಂಪು ಲೋಹ ಮಾಡಿದವರು ನಾವು. ಕಾಸು ಹಸಿರಾಗುವುದೆಂದರೆ ಅದು ತನ್ನ ಹಳೆಯ ಊರಿನ ದಾರಿ ಹಿಡಿದಿದೆ ಎಂದರ್ಥ. ಹಾಗಿದ್ದರೆ ಸ್ವರೂಪ ಯಾವುದು, ಮಲ ಯಾವುದು?

ಮಲವೆಂದು ಹಳೆಯ ಕಾಸನ್ನು ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಹಳ ಸಲ ಅಕ್ಷರ ಉಳಿದಿರುವುದು ಆ ಪದರದಲ್ಲೇ. ಹುಳಿ ಅದನ್ನು ಕರಗಿಸಿದರೆ ಹೊಳೆಯುವ ಬಿಲ್ಲೆಯೊಂದು ಕೈಗೆ ಬರುತ್ತದೆ, ದೊರೆ ಮಾತ್ರ ಇರುವುದಿಲ್ಲ. ದಿನಾ ತೊಳೆಯುವ ಪಂಚಪಾತ್ರೆಯ ಲೆಕ್ಕ ಬೇರೆ, ಅದಕ್ಕೆ ಬೇಕಾದಷ್ಟು ಹುಣಸೆ ಹಚ್ಚಲಿ.

ಉಪ್ಪು ಇನ್ನೂ ಕೆಟ್ಟದ್ದು. ಮಣ್ಣಿನದೋ ಕಡಲಗಾಳಿಯದೋ ತಿಕ್ಕಿದವರ ಕೈಯದೋ, ಅದರ ಕ್ಲೋರೈಡ್ ಪದರದೊಳಗೆ ಸೇರಿದರೆ ತೇವ ಸಿಕ್ಕಿದಾಗ ತೆಳುಹಸಿರು ಪುಡಿ ಉದುರತೊಡಗುತ್ತದೆ. ಪುಡಿಯ ಜೊತೆಗೆ ಹುಟ್ಟುವ ಹೈಡ್ರೋಕ್ಲೋರಿಕ್ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ, ಮತ್ತೆ ಪುಡಿ, ಮತ್ತೆ ಆಮ್ಲ. ಗಟ್ಟಿ ಹಸಿರು ಕಾಸನ್ನು ಕಾಯುತ್ತದೆ, ಈ ಪುಡಿ ಹಸಿರು ಮುಗಿಸಿಬಿಡುತ್ತದೆ. ಎರಡನ್ನೂ ಕಿಲುಬು ಎಂದು ಒಂದೇ ಬುಟ್ಟಿಗೆ ಹಾಕುವ ಉಪಮೆ ನನಗೆ ಸಾಲದು ಎಂದೆ.

ಭಾವ ಸೋಲಲಿಲ್ಲ. ಆಗಮದ ಇನ್ನೊಂದು ಮಾತು ತೆಗೆದರು: ಮಲವೊಂದು ದ್ರವ್ಯ. ಅದ್ವೈತಿಗಳು ಹೇಳುವಂತೆ ಬರೀ ಅರಿವಿನಿಂದ ಅದು ಹೋಗುವುದಿಲ್ಲ, ಕಣ್ಣಿನ ಪೊರೆಯನ್ನು ವೈದ್ಯನೇ ತೆಗೆಯಬೇಕಾದಂತೆ ಕ್ರಿಯೆಯೇ ಬೇಕು, ಅದಕ್ಕೇ ದೀಕ್ಷೆ.

ಇಲ್ಲಿ ನಾನು ಆಗಮದ ಕಡೆ. ಕ್ಲೋರೈಡಿನ ಸೂತ್ರವನ್ನು ಬೋರ್ಡಿನ ಮೇಲೆ ಬರೆದರೆ ಒಂದು ಕಾಸೂ ಉಳಿಯದು. ಸೋಡಾದ ದ್ರಾವಣದಲ್ಲಿ ತಿಂಗಳುಗಟ್ಟಲೆ ನೆನೆಸಬೇಕು, ನೀರು ಬದಲಿಸುತ್ತಿರಬೇಕು, ಆಮೇಲೆ ಒಣಗಿಸಿ ತೇವ ತಾಗದಂತೆ ಇಡಬೇಕು. ಅಷ್ಟಾದರೂ ಒಳಗಿನ ಉಪ್ಪೆಲ್ಲ ಹೋಯಿತೆಂದು ಖಾತ್ರಿಯಿಲ್ಲ, ಮುಂದಿನ ಮಳೆಗಾಲದಲ್ಲಿ ಡಬ್ಬಿ ತೆರೆದು ನೋಡಲೇಬೇಕು. ದೀಕ್ಷೆ ಕೊಟ್ಟ ಮೇಲೆ ಗುರುವೂ ಹೀಗೆ ತೆರೆದು ನೋಡುತ್ತಾನೆಯೇ ಎಂದು ಕೇಳಿದೆ. ಭಾವ ಸಂಜೆ ಪೂಜೆಗೆ ಹೊತ್ತಾಯಿತೆಂದು ಎದ್ದರು.