ಗ್ರಹಣದಲ್ಲಿ ಲೋಕಾಂತ್ಯದ ದಿನಾಂಕ ಹುಡುಕುವವರು

2014ರ ಎಪ್ರಿಲ್ 15ರಂದು ಪೂರ್ಣ ಚಂದ್ರಗ್ರಹಣವಾಯಿತು. ಅದೇ ವರ್ಷದ ಅಕ್ಟೋಬರ್ 8ರಂದು ಮತ್ತೊಂದು. 2015ರ ಎಪ್ರಿಲ್ 4 ಹಾಗೂ ಸೆಪ್ಟೆಂಬರ್ 28ರಂದು ಇನ್ನೆರಡು. ಎಪ್ರಿಲಿನ ಎರಡೂ ಗ್ರಹಣಗಳು ಯಹೂದ್ಯರ ಪಸ್ಕ ಹಬ್ಬದ ಹೊತ್ತಿಗೆ ಬಂದವು. ಉಳಿದೆರಡು ಅವರ ಪರ್ಣಶಾಲೆಗಳ ಹಬ್ಬದ ಹೊತ್ತಿಗೆ ಬಂದವು. ಅಮೇರಿಕದ ಕೆಲವು ಕ್ರೈಸ್ತ ಬೋಧಕರಿಗೆ ಇಷ್ಟು ಸಾಕಾಯಿತು. ಮಾರ್ಕ್ ಬಿಲ್ಟ್ಸ್ ಎಂಬವರು 2008ರಲ್ಲಿಯೇ ಈ ಹೊಂದಾಣಿಕೆಯನ್ನು ಎತ್ತಿ ತೋರಿಸಿದ್ದರು. ಟೆಕ್ಸಾಸಿನ ಪ್ರಸಿದ್ಧ ಬೋಧಕ ಜಾನ್ ಹೇಗಿ 2013ರಲ್ಲಿ ‘ಫೋರ್ ಬ್ಲಡ್ ಮೂನ್ಸ್’ ಎಂಬ ಪುಸ್ತಕವನ್ನೇ ಬರೆದರು. ಅದು ಬಹಳ ಮಾರಾಟವಾಯಿತು. ನಾಲ್ಕು ರಕ್ತವರ್ಣದ ಚಂದ್ರರ ಮೂಲಕ ದೇವನು ಜಗತ್ತಿಗೆ ಏನನ್ನೋ ಹೇಳುತ್ತಿದ್ದಾನೆ, ಯಾವುದೋ ಮಹಾ ಘಟನೆ ಸಮೀಪಿಸಿದೆ ಎಂಬುದೇ ಅದರ ಸಾರ.

ಪ್ರಿಯ ಓದುಗರೇ, ಈ ವಾದವನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಅದನ್ನು ಸ್ವಲ್ಪ ಸಾವಧಾನದಿಂದ ನೋಡೋಣ. ಏಕೆಂದರೆ ಅದರ ಬೇರು ನಮ್ಮ ಅಂಗಳದಲ್ಲಿಯೂ ಹರಡಿದೆ.

ಅವರ ಆಧಾರವೇನು? ಸೂರ್ಯಚಂದ್ರರನ್ನು ಗುರುತುಗಳಿಗಾಗಿ ಮತ್ತು ನಿಯಮಿತ ಕಾಲಗಳಿಗಾಗಿ ಇಡಲಾಗಿದೆ ಎಂದು ಆದಿಕಾಂಡದ ಮೊದಲ ಅಧ್ಯಾಯದಲ್ಲಿದೆ. ಕರ್ತನ ದಿನಕ್ಕೆ ಮುಂಚೆ ಚಂದ್ರನು ರಕ್ತದಂತಾಗುವನೆಂದು ಯೋವೇಲನ ಗ್ರಂಥದಲ್ಲಿದೆ. ಇವೆರಡನ್ನೂ ಹಬ್ಬಗಳ ಪಂಚಾಂಗದೊಂದಿಗೆ ಜೋಡಿಸಿದರೆ ಆಕಾಶವೇ ಒಂದು ಗೋಡೆ ಗಡಿಯಾರವಾಗುತ್ತದೆ. ಆ ಮೇಲೆ ಇತಿಹಾಸದಿಂದ ಮೂರು ಸಾಕ್ಷಿಗಳನ್ನು ತರುತ್ತಾರೆ. ಇದೇ ರೀತಿ ಹಬ್ಬಗಳಿಗೆ ಹೊಂದಿಕೊಂಡ ನಾಲ್ಕು ಗ್ರಹಣಗಳು 1493-94ರಲ್ಲಿ ಬಂದವು, ಸ್ಪೇನಿನಿಂದ ಯಹೂದ್ಯರ ಉಚ್ಚಾಟನೆಯಾಯಿತು. 1949-50ರಲ್ಲಿ ಬಂದವು, ಇಸ್ರೇಲ್ ಸ್ಥಾಪನೆಯಾಯಿತು. 1967-68ರಲ್ಲಿ ಬಂದವು, ಜೆರುಸಲೇಮ್ ಅವರ ಕೈವಶವಾಯಿತು.

ಕೇಳುವಾಗ ಮೈ ಜುಮ್ಮೆನ್ನುತ್ತದೆ. ಆದರೆ ವರ್ಷಗಳನ್ನು ಇನ್ನೊಮ್ಮೆ ಓದಿ ನೋಡಿ. ಸ್ಪೇನಿನ ಉಚ್ಚಾಟನೆ 1492ರಲ್ಲಿ ನಡೆಯಿತು, ಇಸ್ರೇಲ್ ಸ್ಥಾಪನೆ 1948ರಲ್ಲಿ. ಗ್ರಹಣಗಳು ಬಂದುದು ಅನಂತರ! ಘಟನೆ ಮುಗಿದ ಮರುವರ್ಷ ಬರುವುದಕ್ಕೆ ಮುನ್ಸೂಚನೆ ಎನ್ನುವುದು ಹೇಗೆ?

ಇನ್ನು ಗ್ರಹಣವೂ ಹಬ್ಬವೂ ಕೂಡಿ ಬರುವ ವಿಷಯ. ಯಹೂದ್ಯರ ತಿಂಗಳುಗಳು ನಮ್ಮ ಹಿಜರಿ ತಿಂಗಳುಗಳಂತೆ ಚಂದ್ರನನ್ನು ಅನುಸರಿಸುತ್ತವೆ. ಪಸ್ಕ ಬರುವುದು ನೀಸಾನ್ ತಿಂಗಳ ನಡುವಿನಲ್ಲಿ, ಪರ್ಣಶಾಲೆಗಳ ಹಬ್ಬ ತಿಶ್ರಿ ತಿಂಗಳ ನಡುವಿನಲ್ಲಿ. ಅಂದರೆ ಎರಡೂ ಹುಣ್ಣಿಮೆಯಂದೇ ಆರಂಭವಾಗುತ್ತವೆ. ಚಂದ್ರಗ್ರಹಣವೂ ಹುಣ್ಣಿಮೆಯಂದಲ್ಲದೆ ಬೇರೆ ದಿನ ಸಂಭವಿಸದು. ಎರಡು ಹಬ್ಬಗಳ ನಡುವಿನ ಅಂತರ ಆರು ಚಾಂದ್ರಮಾಸಗಳು. ಒಂದು ಗ್ರಹಣಕ್ಕೂ ಮುಂದಿನ ಗ್ರಹಣಕ್ಕೂ ಸಾಮಾನ್ಯವಾಗಿ ಇರುವ ಅಂತರವೂ ಆರು ಚಾಂದ್ರಮಾಸಗಳೇ. ಒಂದೇ ದಾರಿಯಲ್ಲಿ ನಡೆಯುವ ಇಬ್ಬರು ಆಗಾಗ ಎದುರಾದರೆ ಅದರಲ್ಲಿ ಗುಟ್ಟೇನಿದೆ? ಚಂದ್ರನ ಕೆಂಪು ಬಣ್ಣವಂತೂ ಭೂಮಿಯ ವಾಯುಮಂಡಲದ ಮೂಲಕ ಬಾಗಿ ಹೋಗುವ ಸೂರ್ಯನ ಬೆಳಕಿನದು. ಸಂಜೆಯ ಆಕಾಶಕ್ಕೆ ಬಣ್ಣ ಕೊಡುವುದೂ ಅದೇ ಬೆಳಕು.

ಇನ್ನೊಂದು ಸಂಗತಿ ಇದೆ. 1600ರಿಂದ 1900ರ ವರೆಗಿನ ಮುನ್ನೂರು ವರ್ಷಗಳಲ್ಲಿ ಹೀಗೆ ನಾಲ್ಕು ಪೂರ್ಣ ಗ್ರಹಣಗಳ ಸಾಲು ಒಮ್ಮೆಯೂ ಬರಲಿಲ್ಲ. ಅದೇ ಮುನ್ನೂರು ವರ್ಷಗಳಲ್ಲಿ ಯುರೋಪಿನ ಮೂವತ್ತು ವರ್ಷಗಳ ಯುದ್ಧ ನಡೆಯಿತು, 1755ರಲ್ಲಿ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾಯಿತು, ಲಕ್ಷಾಂತರ ಆಫ್ರಿಕನರು ಸರಪಳಿಯಲ್ಲಿ ಸಮುದ್ರ ದಾಟಿದರು. ಆಕಾಶ ಮೌನವಾಗಿತ್ತು. 2001ರಿಂದ 2100ರ ವರೆಗಿನ ಒಂದೇ ಶತಮಾನದಲ್ಲಿ ಇಂತಹ ಎಂಟು ಸಾಲುಗಳಿವೆ. ಲೆಕ್ಕಾಚಾರದಿಂದ ಇದನ್ನೆಲ್ಲ ಮುಂಚಿತವಾಗಿಯೇ ತಿಳಿಯಬಹುದು. ಸೂರ್ಯಚಂದ್ರರು ಒಂದು ನಿಶ್ಚಿತ ಲೆಕ್ಕಕ್ಕೆ ಬದ್ಧರಾಗಿದ್ದಾರೆ ಎಂದು ಸೂರಃ ಅರ‍್ರಹ್ಮಾನ್ ನಮಗೆ ಕಲಿಸಿದೆ.

ಲೆಕ್ಕದ ತಪ್ಪು ಸಣ್ಣದು. ಅದರೊಳಗೆ ಅಡಗಿರುವ ನೈತಿಕ ತಪ್ಪು ದೊಡ್ಡದು. 1948ರಲ್ಲಿ ಸುಮಾರು ಏಳು ಲಕ್ಷ ಫೆಲೆಸ್ತೀನಿಯರು ಮನೆಮಠ ಕಳೆದುಕೊಂಡರು. 1967ರಲ್ಲಿ ಮತ್ತೆ ಮೂರು ಲಕ್ಷದಷ್ಟು ಮಂದಿ ನಿರಾಶ್ರಿತರಾದರು. ನಾಲ್ಕು ಚಂದ್ರರ ಕಥೆಯಲ್ಲಿ ಅವರಿಗೆ ಜಾಗವೇ ಇಲ್ಲ. ಯುದ್ಧವು ಭವಿಷ್ಯವಾಣಿಯ ನೆರವೇರಿಕೆಯಾದಾಗ ಅದು ನ್ಯಾಯವೋ ಅನ್ಯಾಯವೋ ಎಂದು ಕೇಳುವವರಿರುವುದಿಲ್ಲ. ಜಾನ್ ಹೇಗಿಯವರು 2006ರಲ್ಲಿ ಇಸ್ರೇಲ್ ಪರವಾಗಿ ಕ್ರೈಸ್ತರ ದೊಡ್ಡ ಸಂಘಟನೆಯೊಂದನ್ನು ಕಟ್ಟಿದವರು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಯಹೂದ್ಯರಿಗಾದರೂ ಈ ಕಥೆಯಲ್ಲಿ ಮರ್ಯಾದೆ ಇದೆಯೇ? ಅವರೂ ಈ ನಾಟಕದ ಪಾತ್ರಧಾರಿಗಳು ಮಾತ್ರ. ಮನೆ ಕಳೆದುಕೊಂಡವನ ಮೊರೆ ಅಲ್ಲಾಹನಿಗೆ ಕೇಳಿಸುತ್ತದೆ, ಗ್ರಹಣವಾದರೂ ಆಗದಿದ್ದರೂ.

ಈ ರೋಗ ಇಂದಿನದಲ್ಲ. ಅಮೇರಿಕದ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಈಸಾ(ಅ)ರವರು ಮರಳಿ ಬರುವರೆಂದು ಕಾದು ಕುಳಿತರು. ಆ ದಿನವನ್ನು ಆರಿಸಿದ್ದೂ ಯಹೂದ್ಯರ ದೋಷಪರಿಹಾರಕ ದಿನದ ಲೆಕ್ಕದಿಂದಲೇ. 1833ರಲ್ಲಿ ಸುರಿದ ಉಲ್ಕಾವೃಷ್ಟಿಯನ್ನು ಅವರಲ್ಲಿ ಅನೇಕರು ಮುನ್ಸೂಚನೆಯೆಂದು ನಂಬಿದ್ದರು. ಕೆಲವರು ಬೆಳೆ ಕೊಯ್ಯದೆ ಗದ್ದೆಯಲ್ಲೇ ಬಿಟ್ಟರು. ರಾತ್ರಿ ಕಳೆದು ಬೆಳಗಾಯಿತು. ಆ ದಿನವನ್ನು ಚರಿತ್ರೆಯಲ್ಲಿ ‘ಮಹಾ ನಿರಾಶೆ’ ಎಂದೇ ಕರೆಯುತ್ತಾರೆ. 1988ರಲ್ಲಿ ಎಡ್ಗರ್ ವೈಸನಂಟ್ ಯಹೂದ್ಯರ ಹೊಸ ವರ್ಷದ ಹಬ್ಬವನ್ನು ಹಿಡಿದು ಸೆಪ್ಟೆಂಬರ್ 11ರಿಂದ 13ರ ಗಡುವು ಕೊಟ್ಟರು. ಅದು ಹುಸಿಯಾದಾಗ ಮರುವರ್ಷಕ್ಕೆ ಮುಂದೂಡಿದರು. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ಅವರನ್ನು ನಂಬಿದವರಲ್ಲಿ ಕೆಲವರು ತಮ್ಮ ಉಳಿತಾಯವನ್ನೆಲ್ಲ ಪ್ರಚಾರಕ್ಕೆ ಸುರಿದರು. 2012ರಲ್ಲಿ ಕ್ಯಾಂಪಿಂಗ್ ತನ್ನದು ತಪ್ಪೆಂದೂ ಪಾಪವೆಂದೂ ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆಯಾದರೂ ಅವರಲ್ಲಿತ್ತು. 2017ರ ಸೆಪ್ಟೆಂಬರ್ 23ರಂದು ಮತ್ತೆ ಅದೇ ಗದ್ದಲ. ಸೂರ್ಯ ಕನ್ಯಾರಾಶಿಯಲ್ಲಿ, ಚಂದ್ರ ಆಕೆಯ ಪಾದದ ಬಳಿ, ಆದ್ದರಿಂದ ಪ್ರಕಟನೆ ಗ್ರಂಥದ ಹನ್ನೆರಡನೆಯ ಅಧ್ಯಾಯದ ಸ್ತ್ರೀ ಇವಳೇ ಎಂದು!

ಎಲ್ಲ ಕ್ರೈಸ್ತರೂ ಹೀಗಲ್ಲ. ಅವರ ದೊಡ್ಡ ಸಭೆಗಳು ದಿನಾಂಕ ನಿಗದಿಪಡಿಸುವುದನ್ನು ಒಪ್ಪುವುದಿಲ್ಲ. ಆ ದಿನವೂ ಘಳಿಗೆಯೂ ದೇವನ ಹೊರತು ಯಾರಿಗೂ ತಿಳಿಯದೆಂದು ಈಸಾ(ಅ)ರವರು ಹೇಳಿದುದಾಗಿ ಮತ್ತಾಯನ ಸುವಾರ್ತೆಯಲ್ಲಿಯೇ ಇದೆ. ಅಷ್ಟು ಸ್ಪಷ್ಟವಾದ ಮಾತನ್ನು ಬಿಟ್ಟು ಪಂಚಾಂಗ ಹಿಡಿದು ಹೊರಟವರ ಬಗ್ಗೆ ಮಾತ್ರ ನಾವು ಹೇಳುತ್ತಿದ್ದೇವೆ.

ಈಗ ನಮ್ಮ ಕಡೆಗೆ ತಿರುಗೋಣ. 1979ರ ನವೆಂಬರ್ 20. ಹಿಜರಿ 1400ನೇ ವರ್ಷದ ಮುಹರ‍್ರಮ್ ಒಂದು. ಹೊಸ ಶತಮಾನದ ಮೊದಲ ಬೆಳಗು. ಅಂದು ಜುಹೈಮಾನ್ ಅಲ್ ಉತೈಬಿ ಎಂಬವನ ತಂಡ ಆಯುಧಗಳೊಂದಿಗೆ ಮಕ್ಕಾದ ಮಸ್ಜಿದುಲ್ ಹರಾಮನ್ನು ಆಕ್ರಮಿಸಿತು. ತಮ್ಮೊಳಗಿನ ಒಬ್ಬನನ್ನು ಮಹ್ದಿಯೆಂದು ಘೋಷಿಸಿತು. ಕನಸುಗಳ ಸಾಕ್ಷಿ, ಶತಮಾನದ ತಿರುವಿನ ಸಾಕ್ಷಿ, ಎಲ್ಲವೂ ಹೊಂದಿಕೊಂಡಂತೆ ಅವರಿಗೆ ಕಂಡಿತ್ತು. ಎರಡು ವಾರಗಳ ಕಾಲ, ಸೊಳ್ಳೆಯನ್ನು ಸಾಯಿಸಲೂ ಹಿಂಜರಿಯುವಂತಹ ಪವಿತ್ರ ಭೂಮಿಯಲ್ಲಿ ರಕ್ತ ಹರಿಯಿತು. ನೂರಾರು ಮಂದಿ ಸತ್ತರು. ಸತ್ತವರಲ್ಲಿ ಆ ‘ಮಹ್ದಿ’ಯೂ ಇದ್ದ.

ಅಷ್ಟು ದೂರ ಹೋಗುವುದೂ ಬೇಡ. ಮದೀನಾದ ಶೇಖ್ ಅಹ್ಮದ್ ಎಂಬವರು ಕಂಡ ಕನಸೆಂಬ ಕರಪತ್ರ ನಿಮ್ಮ ಕೈಗೂ ಬಂದಿರಬಹುದು. ಇಷ್ಟು ಪ್ರತಿ ಹಂಚದಿದ್ದರೆ ನಷ್ಟ, ಹಂಚಿದರೆ ಲಾಭ ಎಂದು ಅದರ ಕೊನೆಗೆ ಇರುತ್ತದೆ. ಹಿಂದೆ ಅಂಚೆಯಲ್ಲಿ ಬರುತ್ತಿದ್ದುದು ಈಗ ಮೊಬೈಲಿನಲ್ಲಿ ಬರುತ್ತಿದೆ, ಅಷ್ಟೇ ವ್ಯತ್ಯಾಸ. 2020ರಲ್ಲಿ, ಕೊರೋನಾದಿಂದ ಮಸೀದಿಗಳ ಬಾಗಿಲು ಮುಚ್ಚಿದ್ದ ಆ ರಮಝಾನಿನಲ್ಲಿ, ತಿಂಗಳ ಹದಿನೈದು ಶುಕ್ರವಾರ ಬಂದರೆ ಆಕಾಶದಿಂದ ಭಯಂಕರ ಶಬ್ದ ಕೇಳಿಸುವುದೆಂಬ ಒಂದು ‘ಹದೀಸ್’ ಮನೆಮನೆ ತಲುಪಿತು. ಹದೀಸ್ ವಿದ್ವಾಂಸರು ಅದನ್ನು ಕೃತಕವೆಂದು ಎಂದೋ ತಿರಸ್ಕರಿಸಿದ್ದರು. ಪಸ್ಕ ಹಬ್ಬವನ್ನೂ ಹುಣ್ಣಿಮೆಯನ್ನೂ ಜೋಡಿಸಿದವನಿಗೂ, ರಮಝಾನನ್ನೂ ಶುಕ್ರವಾರವನ್ನೂ ಜೋಡಿಸಿದವನಿಗೂ ಏನು ವ್ಯತ್ಯಾಸ, ಹೇಳಿ?

ಇಲ್ಲಿ ನೀವು ಕೇಳಬಹುದು: ಇಸ್ಲಾಮಿನಲ್ಲಿಯೂ ಅಂತ್ಯದಿನದ ಚಿಹ್ನೆಗಳಿವೆಯಲ್ಲ? ದಜ್ಜಾಲನ ಆಗಮನ, ಈಸಾ(ಅ)ರ ಅವತರಣ, ಪಶ್ಚಿಮದಿಂದ ಸೂರ್ಯೋದಯ? ಇವೆ. ನಾವು ಅವುಗಳಲ್ಲಿ ವಿಶ್ವಾಸವಿರಿಸಿದ್ದೇವೆ. ಆದರೆ ಅವುಗಳಲ್ಲಿ ಯಾವುದಕ್ಕೂ ವರ್ಷ ಕೊಡಲಾಗಿಲ್ಲ. ಸೂರ್ಯ ಪಶ್ಚಿಮದಲ್ಲಿ ಉದಯಿಸಿದಾಗ ಅದನ್ನು ತಿಳಿಯಲು ಪುಸ್ತಕ ಬರೆಯುವವರ ಅಗತ್ಯವಿರುವುದಿಲ್ಲ, ಪಶ್ಚಾತ್ತಾಪದ ಬಾಗಿಲೂ ಆಗ ತೆರೆದಿರುವುದಿಲ್ಲ. ಅಮಾವಾಸ್ಯೆ ಕಳೆದು ಮೂಡುವ ಬಾಲಚಂದ್ರನ ಬಗ್ಗೆ ಜನರು ಪ್ರಶ್ನಿಸಿದಾಗ ಕುರ್‌ಆನ್ ಕೊಟ್ಟ ಉತ್ತರ ಎಷ್ಟು ಸರಳ ನೋಡಿ. ಅದು ಜನರಿಗೆ ಕಾಲ ತಿಳಿಯಲು ಮತ್ತು ಹಜ್ಜಿಗೆ. ಅಂತಿಮ ಘಳಿಗೆಯ ಬಗ್ಗೆ ಪ್ರಶ್ನಿಸಿದಾಗಲಂತೂ ಅದರ ಜ್ಞಾನ ಅಲ್ಲಾಹನ ಬಳಿ ಮಾತ್ರ ಇದೆ, ಅದು ನಿಮ್ಮ ಮೇಲೆ ಹಠಾತ್ತಾಗಿ ಬರುವುದು ಎಂದು ಸೂರಃ ಅಲ್ ಅಅರಾಫ್ ಬಾಗಿಲು ಮುಚ್ಚಿಬಿಟ್ಟಿದೆ. ಜಿಬ್ರೀಲ್(ಅ) ಬಂದು ಕೇಳಿದಾಗಲೂ, ಕೇಳುವವನಿಗಿಂತ ಹೆಚ್ಚು ಕೇಳಿಸಿಕೊಂಡವನಿಗೆ ತಿಳಿದಿಲ್ಲವೆಂದೇ ಪ್ರವಾದಿವರ್ಯರು(ಸ) ಉತ್ತರಿಸಿದರು. ಮತ್ತೊಬ್ಬರು ಬಂದು ಅದೇ ಪ್ರಶ್ನೆ ಕೇಳಿದಾಗ, ಅದಕ್ಕಾಗಿ ನೀನು ಏನು ಸಿದ್ಧತೆ ಮಾಡಿರುವೆ ಎಂದು ಮರುಪ್ರಶ್ನೆ ಹಾಕಿದರು.

ಈ ವಿಷಯದಲ್ಲಿ ನನ್ನ ಮನಸ್ಸನ್ನು ಅತ್ಯಂತ ತಟ್ಟಿದ ಘಟನೆ ಪ್ರವಾದಿಯವರ(ಸ) ಮನೆಯದು. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಅದು ಕ್ರಿ.ಶ. 632ರ ಜನವರಿ 27ರ ಗ್ರಹಣವೆಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. ಪ್ರವಾದಿಯ ಮಗ ತೀರಿಕೊಂಡ ದುಃಖಕ್ಕೆ ಸೂರ್ಯನೂ ಕಪ್ಪಾದನೆಂದು ಜನರು ಆಡಿಕೊಂಡರು. ಓದುಗರೇ, ಆ ಮಾತನ್ನು ತಿದ್ದದೆ ಸುಮ್ಮನಿದ್ದರೆ ಸಾಕಿತ್ತು. ಮದೀನಾ ಇಡೀ ಅದನ್ನು ನಂಬುತ್ತಿತ್ತು. ಹೃದಯ ಒಡೆದು ಹೋದ ತಂದೆಗೆ ಅದೊಂದು ಸಾಂತ್ವನವೂ ಆಗಬಹುದಿತ್ತು. ಆದರೆ ಅವರು ಎದ್ದು ನಿಂತು ದೀರ್ಘ ನಮಾಝ್ ನಿರ್ವಹಿಸಿದರು. ಸೂರ್ಯ ಮತ್ತು ಚಂದ್ರ ಅಲ್ಲಾಹನ ನಿದರ್ಶನಗಳು, ಯಾರ ಮರಣಕ್ಕಾಗಲಿ ಜನನಕ್ಕಾಗಲಿ ಅವುಗಳಿಗೆ ಗ್ರಹಣ ಹಿಡಿಯದೆಂದು ಜನರನ್ನು ತಿದ್ದಿದರು. ಸುಳ್ಳು ಹೇಳಿ ಜನರ ವಿಶ್ವಾಸ ಗಳಿಸಬಯಸುವವನು ಇಂತಹ ಅವಕಾಶವನ್ನು ಬಿಡುವನೇ?

ಗ್ರಹಣವನ್ನು ಅವರು ಕಡೆಗಣಿಸಲಿಲ್ಲ ಎಂಬುದನ್ನೂ ಗಮನಿಸಿ. ಅದು ನಿದರ್ಶನವೇ ಹೌದೆಂದರು. ನಮಾಝ್, ಪ್ರಾರ್ಥನೆ, ದಾನಧರ್ಮಗಳನ್ನು ಬೋಧಿಸಿದರು. ನಿದರ್ಶನ ನಮ್ಮನ್ನು ಅದರ ಒಡೆಯನ ಕಡೆಗೆ ತಿರುಗಿಸುತ್ತದೆ. ಗುಪ್ತಲಿಪಿ ಅದನ್ನು ಬಿಡಿಸಬಲ್ಲ ಮನುಷ್ಯನ ಕಡೆಗೆ ತಿರುಗಿಸುತ್ತದೆ. ದಿನಾಂಕ ಹೇಳುವವರ ಸುತ್ತ ಜನ, ಹಣ, ಹೆಸರು ಸೇರುವುದು ಆಕಸ್ಮಿಕವಲ್ಲ.

ಕ್ರೈಸ್ತರ ಇತಿಹಾಸದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. 1780ರ ಮೇ 19ರಂದು ಅಮೇರಿಕದ ಈಶಾನ್ಯ ಭಾಗದಲ್ಲಿ ಹಗಲಿನಲ್ಲೇ ಕತ್ತಲು ಕವಿಯಿತು. ಕಾಡ್ಗಿಚ್ಚಿನ ಹೊಗೆ ಅದಕ್ಕೆ ಕಾರಣವೆಂದು ಇಂದು ಹೇಳಲಾಗುತ್ತದೆ. ಅಂದು ನ್ಯಾಯತೀರ್ಪಿನ ದಿನವೇ ಬಂದಿತೆಂದು ಜನ ನಡುಗಿದರು. ಕನೆಕ್ಟಿಕಟ್‌ನ ಶಾಸನಸಭೆಯವರು ಸಭೆ ಮುಂದೂಡಲು ಹೊರಟರು. ಅಬ್ರಹಾಂ ಡ್ಯಾವನ್‌ಪೋರ್ಟ್ ಎಂಬ ಸದಸ್ಯ ಒಪ್ಪಲಿಲ್ಲ. ಆ ದಿನ ಬಂದಿರದಿದ್ದರೆ ಏಳುವ ಕಾರಣವಿಲ್ಲ, ಬಂದಿದ್ದರೆ ನನ್ನ ಕರ್ತವ್ಯದಲ್ಲಿರುವಾಗಲೇ ನನ್ನನ್ನು ಕಾಣಲಿ ಎಂಬ ಅರ್ಥದಲ್ಲಿ ಮಾತನಾಡಿ ಮೇಣದ ಬತ್ತಿ ತರಿಸಿದರು. ಕೈಯಲ್ಲಿ ಸಸಿ ಇರುವಾಗ ಅಂತಿಮ ಘಳಿಗೆ ಬಂದರೂ ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂದು ಅನಸ್(ರ) ವರದಿ ಮಾಡಿದ ಹದೀಸ್ ಅವರ ಕಿವಿಗೆ ಬಿದ್ದಿರಲಾರದು. ಆದರೂ ಅವರು ಮಾಡಿದ್ದು ಅದನ್ನೇ.

ಮುಂದಿನ ಒಂದು ದಿನಾಂಕವನ್ನು ನಾನೂ ಹೇಳಿಬಿಡುತ್ತೇನೆ. 2028ರ ಡಿಸೆಂಬರ್ 31ರ ರಾತ್ರಿ ನಮ್ಮ ದೇಶದಲ್ಲಿ ಪೂರ್ಣ ಚಂದ್ರಗ್ರಹಣ ಕಾಣಲಿದೆ. ಹೊಸ ವರ್ಷದ ರಾತ್ರಿ. ಹಿಜರಿ ಲೆಕ್ಕದಲ್ಲಿ 1450ರ ಶಅಬಾನ್ ತಿಂಗಳ ನಡುವಿನ ರಾತ್ರಿಯ ಆಸುಪಾಸು, ಅಂದರೆ ನಮ್ಮಲ್ಲಿ ಅನೇಕರು ಬರಾಅತ್ ಎಂದು ಆಚರಿಸುವ ರಾತ್ರಿ. ಚಂದ್ರ ಕೆಂಪಾಗುತ್ತಾನೆ, ಮೊಬೈಲುಗಳು ಬಿಡುವಿಲ್ಲದೆ ಸದ್ದು ಮಾಡುತ್ತವೆ, ಶತಮಾನ ಅರ್ಧ ಸಂದ ವರ್ಷವೆಂದು ಯಾರಾದರೂ ಲೆಕ್ಕವನ್ನೂ ಹೇಳುತ್ತಾರೆ. ಅಂದು ಮಾಡಬೇಕಾದುದು ಹದೀಸ್ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಬಾಂಗ್ ಇಲ್ಲ, ಇಕಾಮತ್ ಇಲ್ಲ, ಜನರನ್ನು ನಮಾಝಿಗೆ ಕರೆದರೆ ಸಾಕು. ಎರಡು ರಕಅತ್. ಶಾಫಿಈ ಮದ್‌ಹಬ್‌ನಂತೆ ಪ್ರತಿ ರಕಅತ್‌ನಲ್ಲೂ ಎರಡು ಕಿಯಾಮ್, ಎರಡು ರುಕೂಅ್. ಹನಫೀಗಳು ಚಂದ್ರಗ್ರಹಣದ ನಮಾಝನ್ನು ತಮ್ಮ ಮನೆಗಳಲ್ಲಿ ಒಬ್ಬೊಬ್ಬರಾಗಿ ನಿರ್ವಹಿಸುತ್ತಾರೆ. ಓದುವ ಸೂರಃಗಳು ದೀರ್ಘವಾಗಿರಲಿ. ಚಂದ್ರ ಬಿಡುವವರೆಗೂ ಸಮಯವಿದೆ.